ಹತ್ತನೇ ವಾರವೂ ನಡೆಯುವ ಕೆಲಸ ಯಾವುದು? ನೆರೆಹೊರೆಯಲ್ಲಿ ಪರಿಸರದ ಕೆಲಸ ಆರಿಸಿಕೊಳ್ಳುವವರಿಗೆ ಒಂದು ಹೋಲಿಕೆ

ನಾಲ್ಕು ಜನ ಒಂದೆಡೆ ಕೂತು "ನಮ್ಮ ಬೀದಿಗೆ ಏನಾದರೂ ಮಾಡೋಣ" ಅಂದ ಕೂಡಲೇ ಐದು ಸಲಹೆಗಳು ಹುಟ್ಟುತ್ತವೆ. ಒಬ್ಬರಿಗೆ ಗಿಡ ನೆಡುವ ಆಸೆ, ಇನ್ನೊಬ್ಬರಿಗೆ ಹಸಿ ಕಸವನ್ನು ಗೊಬ್ಬರ ಮಾಡುವ ಆಸೆ. ಮತ್ತೊಬ್ಬರಿಗೆ ಮುಂದಿನ ರಜೆಯ ದಿನವೇ ಪೊರಕೆ ಹಿಡಿದು ಬೀದಿಗಿಳಿಯಬೇಕು. ಎಲ್ಲವೂ ಒಳ್ಳೆಯ ಕೆಲಸಗಳೇ, ಅದಕ್ಕೇ ಆಯ್ಕೆ ಕಷ್ಟ. ಯಾವುದರಿಂದ ಭೂಮಿಗೆ ಹೆಚ್ಚು ಲಾಭ ಅಂತ ಲೆಕ್ಕ ಹಾಕಲು ಹೊರಟರೆ ಚರ್ಚೆಯಲ್ಲೇ ಸಂಜೆ ಕಳೆಯುತ್ತದೆ. ಯಾವುದು ಸುಲಭ ಅಂತ ನೋಡಿದರೆ ಒಂದು ದಿನದ ಕೆಲಸವೇ ಗೆಲ್ಲುತ್ತದೆ.

ಇಂಥ ಗುಂಪುಗಳಲ್ಲಿ ಹಲವು ವರ್ಷ ಓಡಾಡಿದ ಮೇಲೆ ನಾನು ನೆಚ್ಚಿಕೊಂಡಿರುವ ಅಳತೆ ಬೇರೆ. ಹತ್ತನೇ ವಾರ ಈ ಕೆಲಸವನ್ನು ಯಾರು ಮಾಡುತ್ತಿರುತ್ತಾರೆ? ಮೊದಲ ದಿನ ಎಲ್ಲರೂ ಇರುತ್ತಾರೆ, ಫೋಟೋಗಳೂ ಇರುತ್ತವೆ. ಹತ್ತನೇ ವಾರಕ್ಕೆ ಒಬ್ಬರಿಗೆ ಜ್ವರ ಬಂದಿರುತ್ತದೆ, ಇನ್ನೊಬ್ಬರ ಮಗುವಿಗೆ ಪರೀಕ್ಷೆ, ಮೂರನೆಯವರು ಕೆಲಸ ಬದಲಿಸಿರುತ್ತಾರೆ. ಆ ವಾರವನ್ನೂ ದಾಟುವ ಕೆಲಸ ಯಾವುದೋ ಅದೇ ನಿಮಗೆ ಸರಿಯಾದದ್ದು. ಕನ್ನಡದಲ್ಲಿ ಆರಂಭಶೂರತ್ವ ಅನ್ನುವ ಮಾತಿದೆ. ಅದನ್ನು ಜನರ ಮೇಲಿನ ದೂರಿನ ಹಾಗೆ ಬಳಸುತ್ತೇವೆ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಜನರದ್ದಲ್ಲ, ಅವರ ಬದುಕಿಗೆ ಹೊಂದದ ಕೆಲಸವನ್ನು ಆರಿಸಿಕೊಂಡದ್ದರದ್ದು.

ಹೋಲಿಸುವ ಮುನ್ನ ಗುಂಪಿನಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು, ನಿಮ್ಮ ಬಿಡುವು ಎಂಥದು? ದಿನಕ್ಕೆ ಹತ್ತು ನಿಮಿಷ ಸಿಗುವವರಿಗೂ ತಿಂಗಳಿಗೊಂದು ಮಧ್ಯಾಹ್ನ ಸಿಗುವವರಿಗೂ ಹೊಂದುವ ಕೆಲಸ ಒಂದೇ ಅಲ್ಲ, ಒಟ್ಟು ಗಂಟೆ ಸಮನಾಗಿದ್ದರೂ ಅಲ್ಲ. ಎರಡನೆಯದು, ಒಂದು ಸರದಿ ತಪ್ಪಿದರೆ ಏನಾಗುತ್ತದೆ? ಕೆಲವು ಕೆಲಸ ಸುಮ್ಮನೆ ಕಾಯುತ್ತವೆ, ಕೆಲವು ಕೊಳೆಯುತ್ತವೆ. ಮೂರನೆಯದು, ಯಾರ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಅವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದೇ? ಈ ಮೂರಕ್ಕೂ ಪ್ರಾಮಾಣಿಕ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಅಲ್ಲೇ ಮುಗಿದ ಹಾಗೆ.

ಸಮುದಾಯದ ಗೊಬ್ಬರ: ಲಾಭ ದೊಡ್ಡದು, ಕ್ಷಮೆ ಕಡಿಮೆ

ಮೊದಲು ಇದನ್ನೇ ಎತ್ತಿಕೊಳ್ಳುತ್ತೇನೆ. ಹೆಚ್ಚು ಗುಂಪುಗಳು ಕೈ ಹಾಕುವುದೂ ಇದಕ್ಕೇ, ಕೈ ಸುಟ್ಟುಕೊಳ್ಳುವುದೂ ಇದರಲ್ಲೇ.

ಕೈ ಹಾಕಲು ಒಳ್ಳೆಯ ಕಾರಣವಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಬಂದದ್ದು. ಆ ಹಸಿ ಕಸ ಇತರ ಕಸದಡಿ ಹೂತುಹೋಗಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಅದೇ ಕಸ ಗಾಳಿಯಾಡುವ ರಾಶಿಯಲ್ಲಿ ಕೊಳೆತರೆ ಮೀಥೇನ್ ಬಹಳ ಕಡಿಮೆ, ಕೊನೆಗೆ ಕೈಗೆ ಬರುವುದು ಮಣ್ಣಿಗೆ ಬೇಕಾದ ಗೊಬ್ಬರ. ವ್ಯರ್ಥ ಮಾಡದಿರುವುದು ಗೊಬ್ಬರ ಮಾಡುವುದಕ್ಕಿಂತ ಯಾವತ್ತೂ ಮೇಲು. ಆದರೆ ಸಿಪ್ಪೆ, ತೊಟ್ಟು, ಕಾಂಡಗಳು ಹೇಗಿದ್ದರೂ ಉಳಿಯುತ್ತವೆ.

ಇದರ ವಿಜ್ಞಾನ ಕಷ್ಟವಲ್ಲ. ರಾಶಿಯಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 30ಕ್ಕೆ 1 ಇರಬೇಕು. ಮನೆಯ ಭಾಷೆಯಲ್ಲಿ ಹೇಳುವುದಾದರೆ ಒಂದು ಬುಟ್ಟಿ ಹಸಿ ಕಸಕ್ಕೆ ಎರಡರಿಂದ ಮೂರು ಬುಟ್ಟಿ ತರಗೆಲೆ ಅಥವಾ ಮರದ ಹೊಟ್ಟು. ತೇವ ಎಷ್ಟಿರಬೇಕೆಂದರೆ ಹಿಂಡಿದ ಸ್ಪಂಜಿನಷ್ಟು: ಮುಷ್ಟಿಯಲ್ಲಿ ಹಿಡಿದರೆ ಒದ್ದೆ ತಾಗಬೇಕು, ನೀರು ತೊಟ್ಟಿಕ್ಕಬಾರದು. ರಾಶಿ ಉದ್ದ, ಅಗಲ, ಎತ್ತರ ತಲಾ ಒಂದು ಮೀಟರಿನಷ್ಟಿದ್ದರೆ ಒಳಗೆ ಬಿಸಿ ನಿಲ್ಲುತ್ತದೆ. 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಹಾಗೇ ಇದ್ದರೆ ರೋಗಾಣುಗಳೂ ಕಳೆಯ ಬೀಜಗಳೂ ಹೆಚ್ಚಿನ ಮಟ್ಟಿಗೆ ಸಾಯುತ್ತವೆ. ವಾಸನೆ ಬಂತೆಂದರೆ ಬಹುಮಟ್ಟಿಗೆ ಒಂದೇ ಅರ್ಥ: ನೀರು ಜಾಸ್ತಿ, ಗಾಳಿ ಕಡಿಮೆ. ಒಣ ಪದಾರ್ಥ ಸೇರಿಸಿ ರಾಶಿ ತಿರುವಿದರೆ ಸರಿಹೋಗುತ್ತದೆ.

ಕಷ್ಟ ಇರುವುದು ಸರದಿಯಲ್ಲಿ. ನಾನು ಸೇರಿಕೊಂಡಿದ್ದ ಮೊದಲ ಗುಂಪು ಒಂದೂವರೆ ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ವಾರ ಸರದಿಯಲ್ಲಿದ್ದ ಇಬ್ಬರೂ ಊರಲ್ಲಿರಲಿಲ್ಲ. ತರಗೆಲೆಯ ಚೀಲ ಖಾಲಿಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮನೆಗಳಿಂದ ಹಸಿ ಕಸ ಮಾತ್ರ ತಪ್ಪದೆ ಬಂದು ಬೀಳುತ್ತಿತ್ತು. ಮೂರನೇ ದಿನಕ್ಕೆ ವಾಸನೆ, ಐದನೇ ದಿನಕ್ಕೆ ಹುಳು. ಪಕ್ಕದ ಮನೆಯವರು ಜಗಳವಾಡಲಿಲ್ಲ, ಕಿಟಕಿ ಮುಚ್ಚಿಕೊಂಡರು. ಆ ಮುಚ್ಚಿದ ಕಿಟಕಿ ನನಗೆ ಇವತ್ತಿಗೂ ನೆನಪಿದೆ. ಅಲ್ಲಿಂದಾಚೆಗೆ ಅದೇ ಜಾಗದಲ್ಲಿ ಮತ್ತೆ ಗೊಬ್ಬರದ ಮಾತೆತ್ತುವುದು ನಮ್ಮಿಂದ ಆಗಲಿಲ್ಲ. ಮುಂದೆ ಬೇರೆ ಗುಂಪಿನಲ್ಲಿ ಒಂದು ಸಣ್ಣ ನಿಯಮ ಮಾಡಿಕೊಂಡೆವು: ತರಗೆಲೆಯ ಚೀಲ ಖಾಲಿಯಾದರೆ ಪೆಟ್ಟಿಗೆಗೆ ಬೀಗ. ಹಸಿ ಕಸ ಒಂದು ದಿನ ಮನೆಯಲ್ಲೇ ಉಳಿಯಲಿ. ಆ ಬೀಗ ನಮ್ಮನ್ನು ಎರಡು ಸಲ ಕಾಪಾಡಿತು.

ಆದ್ದರಿಂದ ನನ್ನ ಲೆಕ್ಕ ಹೀಗೆ. ದಿನವೂ ಬಿಡುವು ಇರುವ ಐದಾರು ಜನ, ವರ್ಷವಿಡೀ ತರಗೆಲೆ ಸಿಗುವ ದಾರಿ, ಕಿಟಕಿಗಳಿಂದ ದೂರದ ಜಾಗ, ಈ ಮೂರೂ ಇದ್ದರೆ ಗೊಬ್ಬರದಷ್ಟು ತೃಪ್ತಿ ಕೊಡುವ ಕೆಲಸ ಇನ್ನೊಂದಿಲ್ಲ. ಇಬ್ಬರೇ ಇದ್ದೀರಾದರೆ ತಮ್ಮತಮ್ಮ ಮನೆಯಲ್ಲೇ ಒಂದೊಂದು ಡಬ್ಬ ಇಟ್ಟು ಆರು ತಿಂಗಳು ನಡೆಸಿ. ಅದರಲ್ಲಿ ತಪ್ಪಾದರೆ ತೊಂದರೆ ನಿಮಗೆ ಮಾತ್ರ, ಕಲಿತದ್ದೂ ವ್ಯರ್ಥವಾಗುವುದಿಲ್ಲ.

ರಿಪೇರಿ ಕೂಟ: ಕಾಯಬಲ್ಲ ಕೆಲಸ

ರಿಪೇರಿ ಕೂಟವೆಂದರೆ ನೆರೆಯವರು ಕೆಟ್ಟ ವಸ್ತುಗಳನ್ನು ತಂದು, ಕೈಕೆಲಸ ಬಲ್ಲವರ ಜೊತೆ ಕೂತು ಸರಿಮಾಡಿಕೊಳ್ಳುವ ಕೂಟ. ಗೊಬ್ಬರದ ಪಕ್ಕದಲ್ಲಿಟ್ಟು ನೋಡಿದರೆ ಇದರ ಸ್ವಭಾವ ಪೂರ್ತಿ ಬೇರೆ. ಒಂದು ತಿಂಗಳು ತಪ್ಪಿದರೆ ಏನೂ ಕೊಳೆಯುವುದಿಲ್ಲ. ಕೆಟ್ಟ ಇಸ್ತ್ರಿ ಪೆಟ್ಟಿಗೆ ಮುಂದಿನ ತಿಂಗಳೂ ಕೆಟ್ಟೇ ಇರುತ್ತದೆ. ದಿನದ ಬಿಡುವು ಇಲ್ಲದ, ತಿಂಗಳಿಗೊಂದು ಮಧ್ಯಾಹ್ನ ಕೊಡಬಲ್ಲ ಗುಂಪಿಗೆ ಇದಕ್ಕಿಂತ ಹೊಂದುವ ಕೆಲಸ ನಾನು ಕಂಡಿಲ್ಲ.

ಈಗ ಜಗತ್ತಿನ ಹಲವು ದೇಶಗಳಲ್ಲಿ ನಡೆಯುವ ರಿಪೇರ್ ಕೆಫೆಯ ಮಾದರಿ ಶುರುವಾದದ್ದು 2009ರ ಅಕ್ಟೋಬರ್ 18ರಂದು, ಆಮ್‌ಸ್ಟರ್‌ಡ್ಯಾಮಿನಲ್ಲಿ. ಪತ್ರಕರ್ತೆಯಾಗಿದ್ದ ಮಾರ್ಟಿನೆ ಪೋಸ್ಟ್ಮಾ ಅದನ್ನು ಏರ್ಪಡಿಸಿದ್ದರು. ಇದರ ಜೀವಾಳ ಒಂದು ಪದ್ಧತಿಯಲ್ಲಿದೆ: ವಸ್ತುವನ್ನು ಕೊಟ್ಟು ಹೋಗುವ ಹಾಗಿಲ್ಲ. ತಂದವರು ರಿಪೇರಿ ಮಾಡುವವರ ಪಕ್ಕದಲ್ಲೇ ಕೂರಬೇಕು, ಸ್ಕ್ರೂ ಬಿಚ್ಚಬೇಕು, ಬೆಳಕು ಹಿಡಿಯಬೇಕು. ಇದನ್ನು ಬಿಟ್ಟರೆ ಅದು ಪುಕ್ಕಟೆ ರಿಪೇರಿ ಅಂಗಡಿಯಾಗುತ್ತದೆ. ಸ್ವಯಂಸೇವಕರು ದಣಿಯುತ್ತಾರೆ, ಅದೇ ಕಸುಬಿನಲ್ಲಿ ಬದುಕುವವರ ಅನ್ನಕ್ಕೂ ಕುತ್ತು. ಕಷ್ಟದ ರಿಪೇರಿಗಳನ್ನು ಹತ್ತಿರದ ಕಸುಬುದಾರರ ಬಳಿಗೇ ಕಳಿಸಿಕೊಡುವುದು ಒಳ್ಳೆಯ ಕೂಟದ ಲಕ್ಷಣ.

ಅಗತ್ಯದ ಬಗ್ಗೆ ಅನುಮಾನ ಬೇಡ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು. ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ ದಾಖಲೆ ಇರುವುದು ಅದರಲ್ಲಿ ಶೇಕಡಾ 22.3ಕ್ಕೆ ಮಾತ್ರ. ಒಂದು ಮಧ್ಯಾಹ್ನ ಹದಿನೈದು ವಸ್ತು ಸರಿಮಾಡಿದರೆ ಈ ಬೆಟ್ಟ ಕರಗುವುದಿಲ್ಲ ಅನ್ನುವುದೂ ನಿಜ. ಆದರೆ ಕೂಟಕ್ಕೆ ಬಂದ ಪ್ರತಿ ವಸ್ತುವಿನ ಹೆಸರು, ವಯಸ್ಸು, ಏನು ಕೆಟ್ಟಿತ್ತು, ಯಾಕೆ ಸರಿಹೋಗಲಿಲ್ಲ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದು ಬೇರೆಯೇ ಶಕ್ತಿಯಾಗುತ್ತದೆ. ಓಪನ್ ರಿಪೇರ್ ಅಲಯನ್ಸ್ ಎಂಬ ಒಕ್ಕೂಟ ಹಲವು ದೇಶಗಳ ಕೂಟಗಳಿಂದ ಇಂಥ ದಾಖಲೆಗಳನ್ನು ಒಟ್ಟುಮಾಡುತ್ತದೆ. ಬಿಚ್ಚಲಾಗದ ಹಾಗೆ ಅಂಟು ಹಾಕಿದ ಉಪಕರಣ, ಸಿಗದ ಬಿಡಿಭಾಗ, ಇವುಗಳ ಬಗ್ಗೆ ಕಾನೂನು ಬೇಕೆಂದು ಕೇಳುವವರಿಗೆ ಇಂಥ ದಾಖಲೆಯೇ ಆಧಾರ. ಫ್ರಾನ್ಸಿನಲ್ಲಿ 2021ರಿಂದ ಕೆಲವು ಉಪಕರಣಗಳ ಮೇಲೆ ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಎಂಬ ಅಂಕ ನಮೂದಿಸುವುದು ಕಡ್ಡಾಯವಾಯಿತು. 2024ರಲ್ಲಿ ಐರೋಪ್ಯ ಒಕ್ಕೂಟ ರಿಪೇರಿಯ ಹಕ್ಕಿನ ಬಗ್ಗೆ ನಿರ್ದೇಶನವನ್ನೇ ಹೊರಡಿಸಿತು.

ಸಾಮಾಜಿಕವಾಗಿ ಈ ಕೆಲಸ ಮಾಡುವ ಒಂದು ಉಪಕಾರ ನನಗೆ ಎಲ್ಲಕ್ಕಿಂತ ಮುಖ್ಯ. ಪ್ರತಿ ಬೀದಿಯಲ್ಲೂ ಕೈಯಲ್ಲಿ ಕಸುಬಿದ್ದೂ ಯಾರೂ ಮಾತಾಡಿಸದ ಒಬ್ಬರಿರುತ್ತಾರೆ: ನಿವೃತ್ತ ಎಲೆಕ್ಟ್ರಿಷಿಯನ್, ಹೊಲಿಗೆ ಬಲ್ಲ ಹಿರಿಯರು, ಭಾಷೆ ಬಾರದ ಕಾರಣಕ್ಕೆ ಮೂಲೆಯಲ್ಲಿ ಉಳಿದ ಹೊಸ ನೆರೆಯವರು. ರಿಪೇರಿಯ ಮೇಜಿನ ಹಿಂದೆ ಅವರಿಗೆ ಕುರ್ಚಿ ಸಿಗುತ್ತದೆ. ನೆರವು ಪಡೆಯುವವರು ಅಂತ ನಾವು ಅಂದುಕೊಂಡವರು ನೆರವು ಕೊಡುವವರಾಗುತ್ತಾರೆ.

ಎಚ್ಚರಿಕೆಯ ಮಾತು ಇಲ್ಲೂ ಇದೆ. ವಿದ್ಯುತ್ ಉಪಕರಣ ಮುಟ್ಟುವವರು ಕಸುಬು ಬಲ್ಲವರೇ ಆಗಿರಬೇಕು, ಬೋರ್ಡಿಗೆ ಸೋರಿಕೆ ಕಂಡರೆ ತಾನೇ ಕಡಿತಗೊಳ್ಳುವ ಸ್ವಿಚ್ ಇರಬೇಕು. ಮೈಕ್ರೋವೇವ್ ಒಲೆ ಬಿಚ್ಚುವುದು ಬೇಡ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಪ್ರಾಣಾಪಾಯದ ವಿದ್ಯುತ್ ಉಳಿದಿರಬಹುದು. ಉಬ್ಬಿದ ಲಿಥಿಯಂ ಬ್ಯಾಟರಿ ಬಂದರೆ ಒತ್ತಬಾರದು, ಚುಚ್ಚಬಾರದು, ಬೆಂಕಿ ಹತ್ತುತ್ತದೆ. "ಇದನ್ನು ನಾವು ಮಾಡುವುದಿಲ್ಲ" ಎಂಬ ಪಟ್ಟಿಯನ್ನು ಬಾಗಿಲಲ್ಲೇ ಹಾಕಿ.

ಕೊಡುವುದೋ, ಎರವಲೋ?

ಬೇಡವಾದ ವಸ್ತುವನ್ನು ನೆರೆಯವರಿಗೆ ಕೊಟ್ಟುಬಿಡುವುದು ಒಂದು, ಇರುವ ವಸ್ತುವನ್ನು ಎರವಲು ಕೊಡುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ನಡೆಸುವಾಗ ಅಜಗಜಾಂತರ. ಕೊಟ್ಟುಬಿಟ್ಟರೆ ಕಥೆ ಅಲ್ಲಿಗೆ ಮುಗಿಯಿತು. ಎರವಲು ಕೊಟ್ಟರೆ ಕಥೆ ಅಲ್ಲಿಂದ ಶುರು.

ಅಮೆರಿಕದ ಟೂಸಾನ್ ನಗರದಲ್ಲಿ 2003ರಲ್ಲಿ ಶುರುವಾದ, ಬೇಡವಾದ ವಸ್ತುಗಳನ್ನು ಬೇಕಾದವರಿಗೆ ದಾಟಿಸುವ ಫ್ರೀಸೈಕಲ್ ಎಂಬ ಜಾಲ ಕೊಡುವ ಮಾದರಿಗೆ ಒಳ್ಳೆಯ ನಿದರ್ಶನ. ನಿಯಮ ಒಂದೇ, ಏನು ಕೊಟ್ಟರೂ ಉಚಿತ. 2003ರಲ್ಲೇ ಶೂನ್ಯ ತ್ಯಾಜ್ಯದ ಸಂಕಲ್ಪ ತೊಟ್ಟ ಜಪಾನಿನ ಕಮಿಕಾಟ್ಸು ಎಂಬ ಪುಟ್ಟ ಊರಿನಲ್ಲಿ ಜನ ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರ್ಪಡಿಸಿ ತಾವೇ ಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲೇ ಒಂದು ಕೋಣೆ ಇದೆ. ಬೇಡವಾದ ಒಳ್ಳೆಯ ವಸ್ತು ಅಲ್ಲಿಟ್ಟು ಹೋಗಬಹುದು, ಬೇಕಾದವರು ದುಡ್ಡಿಲ್ಲದೆ ಒಯ್ಯಬಹುದು, ಒಯ್ದದ್ದರ ತೂಕ ಬರೆದಿಡುತ್ತಾರೆ. ಆ ತೂಕದ ಪುಸ್ತಕ ನನಗೆ ಬಹಳ ಇಷ್ಟವಾದ ಸಂಗತಿ. ಎಷ್ಟು ಉಳಿಯಿತು ಅನ್ನುವುದು ಊರಿನ ಕಣ್ಣೆದುರು ಇರುತ್ತದೆ.

ಎರವಲಿನ ಹಳೆಯ ಉದಾಹರಣೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ಸಾರ್ವಜನಿಕ ಗ್ರಂಥಾಲಯದ್ದು. 1979ರಿಂದ ಅದು ಪುಸ್ತಕದ ಹಾಗೆಯೇ ಸುತ್ತಿಗೆ, ಗರಗಸ, ಏಣಿಗಳನ್ನೂ ಎರವಲು ಕೊಡುತ್ತಿದೆ. ವರ್ಷಕ್ಕೆರಡು ಸಲ ಬೇಕಾಗುವ ಡ್ರಿಲ್ಲಿಂಗ್ ಯಂತ್ರ ಪ್ರತಿ ಮನೆಯಲ್ಲೂ ಯಾಕಿರಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರವಿಲ್ಲ. ಆದರೆ ಅಲ್ಲಿ ಸಂಬಳದ ಸಿಬ್ಬಂದಿ ಇದ್ದಾರೆ. ನಮ್ಮ ನಿಮ್ಮ ಗುಂಪಿನಲ್ಲಿ ಹಿಂದಿರುಗದ ಏಣಿಯನ್ನು ಕೇಳಲು ಹೋಗುವವರು ಯಾರು?

ಈ ಪ್ರಶ್ನೆಯನ್ನೇ ಜೀವಮಾನವಿಡೀ ಅಧ್ಯಯನ ಮಾಡಿದವರು ಎಲಿನಾರ್ ಆಸ್ಟ್ರಮ್. ಮೀನುಗಾರರು, ನೀರಾವರಿ ರೈತರು, ಹುಲ್ಲುಗಾವಲು ಹಂಚಿಕೊಂಡ ಹಳ್ಳಿಗರು ತಮ್ಮ ಸಾಮಾನ್ಯ ಸಂಪತ್ತನ್ನು ಹಾಳು ಮಾಡಿಕೊಳ್ಳದೆ ಹೇಗೆ ಉಳಿಸಿಕೊಂಡರು ಎಂದು ನೋಡಿ, 1990ರಲ್ಲಿ ಎಂಟು ತತ್ವಗಳನ್ನು ಬರೆದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರೇ. ಎಂಟರಲ್ಲಿ ಮೂರು ಎರವಲಿನ ಗುಂಪಿಗೆ ನೇರ ಅನ್ವಯ: ಸದಸ್ಯರು ಯಾರು ಎಂಬುದು ಸ್ಪಷ್ಟವಿರಬೇಕು, ಬಳಸುವವರೇ ನಿಯಮ ಮಾಡಬೇಕು, ತಪ್ಪಿಗೆ ಶಿಕ್ಷೆ ಸಣ್ಣದರಿಂದ ಶುರುವಾಗಿ ಮೆಲ್ಲಗೆ ಏರಬೇಕು. ಮೊದಲ ಸಲ ನೆನಪಿಸಿ, ಎರಡನೇ ಸಲ ಒಂದು ತಿಂಗಳು ಎರವಲಿಲ್ಲ. ಮೊದಲ ತಪ್ಪಿಗೇ ಹೊರಗಟ್ಟಿದರೆ ನೆರೆಯವರನ್ನು ಕಳೆದುಕೊಳ್ಳುತ್ತೀರಿ, ಎಂದೂ ಕೇಳದಿದ್ದರೆ ಏಣಿಯನ್ನು.

ಹೊಸ ಗುಂಪಾದರೆ ಕೊಡುವ ದಿನದಿಂದ ಶುರುಮಾಡಿ. ಎರವಲು ಬೇಕೆನಿಸಿದರೂ ವಸ್ತುಗಳನ್ನು ಒಂದೆಡೆ ಗುಡ್ಡೆ ಹಾಕಬೇಡಿ. ಯಾರ ಮನೆಯಲ್ಲಿ ಏನಿದೆ, ಏನು ಕೊಡಲು ಮನಸ್ಸಿದೆ ಎಂಬ ಒಂದು ಹಾಳೆ ಸಾಕು. ಬಾಡಿಗೆ ಕೋಣೆ, ಕಪಾಟು, ಬೀಗ, ಕಾವಲು ಇವೆಲ್ಲ ಆ ಹಾಳೆ ನಿಜಕ್ಕೂ ಬಳಕೆಯಾಗುತ್ತಿದೆ ಅಂತ ಗೊತ್ತಾದ ಮೇಲೆ.

ಸಮುದಾಯದ ತೋಟ: ಮಣ್ಣಿಗಿಂತ ಮೊದಲು ಕಾಗದ

1973ರಲ್ಲಿ ನ್ಯೂಯಾರ್ಕಿನ ಬವರಿ ಮತ್ತು ಹ್ಯೂಸ್ಟನ್ ಬೀದಿಗಳು ಕೂಡುವಲ್ಲಿ ಕಸ ತುಂಬಿದ್ದ ಖಾಲಿ ನಿವೇಶನವನ್ನು ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಸ್ವಚ್ಛಮಾಡಿ ತೋಟ ಮಾಡಿದರು. ಆ ತೋಟ ಇಂದಿಗೂ ಇದೆ. ಆದರೆ ಅದೇ ನಗರದ ಆಡಳಿತ 1999ರಲ್ಲಿ ಇಂಥ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಡಲು ಹೊರಟಿತ್ತು. ಸಂರಕ್ಷಣಾ ಸಂಸ್ಥೆಗಳು ಕೊನೆ ಗಳಿಗೆಯಲ್ಲಿ ಕೊಂಡುಕೊಂಡದ್ದರಿಂದ ಅವು ಉಳಿದವು. ಎರಡು ದಶಕ ಬೆವರು ಸುರಿಸಿದವರ ಹೆಸರಿನಲ್ಲಿ ನೆಲದ ಹಕ್ಕಿನ ಒಂದು ಚೂರು ಕಾಗದವೂ ಇರಲಿಲ್ಲ. ಮೂರನೇ ಪ್ರಶ್ನೆಯನ್ನು, ಒಪ್ಪಿಗೆ ಯಾರದು ಎಂಬುದನ್ನು, ನಾನು ಇಷ್ಟು ಒತ್ತಿ ಹೇಳಲು ಇದೇ ಕಾರಣ. ಕನಿಷ್ಠ ಮೂರು ವರ್ಷದ ಲಿಖಿತ ಒಪ್ಪಿಗೆ ಇಲ್ಲದ ನೆಲದಲ್ಲಿ ಹಣ್ಣಿನ ಮರ ನೆಡಬೇಡಿ. ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಗಳಲ್ಲಿ ಬೆಳೆಯಿರಿ.

ಎತ್ತರದ ಪೆಟ್ಟಿಗೆಗೆ ಇನ್ನೊಂದು ಕಾರಣವೂ ಇದೆ. ಹಳೆಯ ಬಣ್ಣ, ಹಳೆಯ ಪೆಟ್ರೋಲಿನಿಂದ ಬಂದ ಸೀಸ ನಗರದ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ತಿನ್ನುವುದನ್ನು ಬೆಳೆಯುವ ಮುನ್ನ ಮಣ್ಣಿನ ಪರೀಕ್ಷೆ ಮಾಡಿಸಲೇಬೇಕು.

ತೋಟದಲ್ಲೂ ಎರಡು ದಾರಿ. ಒಂದರಲ್ಲಿ ಪ್ರತಿ ಮನೆಗೂ ತನ್ನದೇ ಪಾತಿ. ಇನ್ನೊಂದರಲ್ಲಿ, ಇಂಗ್ಲೆಂಡಿನ ಟಾಡ್ಮರ್ಡನ್ ಊರಿನ ಜನ 2008ರಿಂದ ಮಾಡಿದ ಹಾಗೆ, ರಸ್ತೆ ಬದಿ, ಪೊಲೀಸ್ ಠಾಣೆಯ ಮುಂದೆ, ಆಸ್ಪತ್ರೆಯ ಆವರಣದಲ್ಲಿ ಬೆಳೆದು ಯಾರು ಬೇಕಾದರೂ ಕಿತ್ತುಕೊಳ್ಳಲು ಬಿಡುವುದು. ಪಾತಿಯ ಪದ್ಧತಿಯಲ್ಲಿ ನಿಗಾ ಚೆನ್ನಾಗಿರುತ್ತದೆ, ಬೇಲಿಯೊಳಗಿನವರು ಹೊರಗಿನವರು ಎಂಬ ಭೇದವೂ ಹುಟ್ಟುತ್ತದೆ. ತೆರೆದ ತೋಟದಲ್ಲಿ ಫಸಲು ಕಡಿಮೆ ಸಿಗಬಹುದು, ಮಾತುಕತೆ ಹೆಚ್ಚು ಸಿಗುತ್ತದೆ. ಉದ್ದೇಶ ನೆರೆಹೊರೆಯನ್ನು ಹತ್ತಿರ ತರುವುದಾದರೆ ನಾನು ಎರಡನೆಯದರ ಕಡೆ.

ಸ್ವಚ್ಛತಾ ದಿನ, ಗಿಡ ನೆಡುವ ದಿನ

2008ರ ಮೇ 3ರಂದು ಎಸ್ಟೋನಿಯಾದಲ್ಲಿ 50,000 ಜನ ಸೇರಿ ಒಂದೇ ದಿನ ಸುಮಾರು 10,000 ಟನ್ ಕಸ ಎತ್ತಿದರು. ದೇಶದ ಜನಸಂಖ್ಯೆಯೇ ಹದಿಮೂರು ಲಕ್ಷ ಚಿಲ್ಲರೆ. ಅಂಥ ದಿನಗಳ ಉತ್ಸಾಹವನ್ನು ನಾನು ಕಡೆಗಣಿಸುವುದಿಲ್ಲ, ಮೊದಲ ಸಲ ಹೊರಬರುವವರಿಗೆ ಇದರಷ್ಟು ಸುಲಭದ ಬಾಗಿಲು ಬೇರೆಯಿಲ್ಲ. ಆದರೆ ಕಸ ಬರುವ ದಾರಿ ಮುಚ್ಚದಿದ್ದರೆ ಅದೇ ಜಾಗ ಮತ್ತೆ ತುಂಬುತ್ತದೆ. ಬರಿದೇ ಎತ್ತಬೇಡಿ, ಎಣಿಸಿ. 1986ರಲ್ಲಿ ಟೆಕ್ಸಾಸಿನ ಕಡಲತೀರದಲ್ಲಿ ಶುರುವಾದ ಸ್ವಚ್ಛತಾ ಕಾರ್ಯದಲ್ಲಿ ಸಿಕ್ಕಿದ ಪ್ರತಿ ವಸ್ತುವನ್ನೂ ಬರೆದಿಟ್ಟರು. ಅದು ಮುಂದೆ ಜಗತ್ತಿನ ಬಹಳಷ್ಟು ತೀರಗಳಿಗೆ ಹಬ್ಬಿತು. ನಿಮ್ಮ ಬೀದಿಯ ಕಸದಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯ ಲೋಟ ಎಂದು ಲೆಕ್ಕ ತೋರಿಸಿದರೆ ಮುಂದಿನ ಕೆಲಸ ಯಾವುದೆಂದು ಅದೇ ಹೇಳುತ್ತದೆ.

ಗಿಡದ ಬಗ್ಗೆ ಒಂದೇ ಮಾತು. 1977ರಲ್ಲಿ ಕೀನ್ಯಾದಲ್ಲಿ ವಾಂಗಾರಿ ಮಾಥಾಯ್ ಕಟ್ಟಿದ ಗ್ರೀನ್ ಬೆಲ್ಟ್ ಚಳವಳಿ ಐದು ಕೋಟಿಗೂ ಹೆಚ್ಚು ಮರ ಬೆಳೆಸಿತು. ಅಲ್ಲಿ ಹಳ್ಳಿಯ ಹೆಂಗಸರಿಗೆ ಸಣ್ಣ ಗೌರವಧನ ಸಿಗುತ್ತಿದ್ದದ್ದು ಬದುಕುಳಿದ ಸಸಿಗೆ. ನೆಟ್ಟ ಲೆಕ್ಕಕ್ಕೂ ಉಳಿದ ಲೆಕ್ಕಕ್ಕೂ ಇರುವ ದೂರ ಅವರಿಗೆ ಗೊತ್ತಿತ್ತು. ನೀರು ಹಾಕುವವರ ಹೆಸರು ಬರೆಯದೆ ಗುಂಡಿ ತೋಡಬೇಡಿ.

ನಿಯಮ ಬದಲಿಸುವುದು: ಕಣ್ಣಿಗೆ ಕಾಣದ ಕೆಲಸ

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಂದವರನ್ನು ಬದಲಿಸುವ ಕೆಲಸ. ಬಾರದವರನ್ನೂ ತಲುಪುವುದು ನಿಯಮ. ಐರ್ಲೆಂಡ್ 2002ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲವೊಂದಕ್ಕೆ 15 ಸೆಂಟ್ ತೆರಿಗೆ ಹಾಕಿದಾಗ ಚೀಲದ ಬಳಕೆ ಶೇಕಡಾ 90ಕ್ಕಿಂತ ಹೆಚ್ಚು ಇಳಿಯಿತು. ಎಷ್ಟು ವರ್ಷ ಬಟ್ಟೆಚೀಲ ಹಂಚಿದರೂ ಇಷ್ಟು ಇಳಿತ ತರುವುದು ಒಂದು ಗುಂಪಿನ ಕೈಯಲ್ಲಿಲ್ಲ.

ಆದರೆ ಕಾನೂನಿಗಾಗಿ ಕಾಯಬೇಕೆಂದೂ ಇಲ್ಲ. 2007ರ ಮೇ 1ರಂದು ಇಂಗ್ಲೆಂಡಿನ ಮಾಡ್ಬರಿ ಎಂಬ ಸಣ್ಣ ಪಟ್ಟಣದ 43 ಅಂಗಡಿಯವರು ತಾವಾಗಿ ಪ್ಲಾಸ್ಟಿಕ್ ಚೀಲ ಕೊಡುವುದು ನಿಲ್ಲಿಸಿದರು. ಅವರ ಮನವೊಲಿಸಿದವರು ಅದೇ ಸೀಮೆಯ ಛಾಯಾಗ್ರಾಹಕಿ ರೆಬೆಕಾ ಹಾಸ್ಕಿಂಗ್. ಪೆಸಿಫಿಕ್ ದ್ವೀಪಗಳಲ್ಲಿ ಪ್ಲಾಸ್ಟಿಕ್ ನುಂಗಿ ಸತ್ತ ಹಕ್ಕಿಗಳನ್ನು ತಾವು ಚಿತ್ರೀಕರಿಸಿದ್ದನ್ನು ಅಂಗಡಿಯವರಿಗೆ ತೋರಿಸಿದರು. 2009ರಲ್ಲಿ ಆಸ್ಟ್ರೇಲಿಯಾದ ಬಂಡನೂನ್ ಊರಿನವರು ಸಭೆ ಸೇರಿ ಬಾಟಲಿ ನೀರು ಮಾರುವುದನ್ನೇ ಕೈಬಿಡಲು ತೀರ್ಮಾನಿಸಿದರು. ಜನ ಬಾಟಲಿ ತುಂಬಿಸಿಕೊಳ್ಳಲು ಊರಿನಲ್ಲಿ ಸಾರ್ವಜನಿಕ ನಲ್ಲಿಗಳನ್ನೂ ಹಾಕಿಸಿದರು. ಪರ್ಯಾಯ ಕೈಗೆ ಸಿಗುವಂತೆ ಮಾಡಿಯೇ ಹಳೆಯದನ್ನು ಕಿತ್ತುಕೊಳ್ಳಬೇಕು. ಪ್ಲಾಸ್ಟಿಕ್ ಸ್ಟ್ರಾ ನಿಷೇಧದ ಸಮಯದಲ್ಲಿ ಹಲವು ದೇಶಗಳ ಅಂಗವಿಕಲರು ಎತ್ತಿದ ಮಾತು ಇದೇ. ಬಾಗುವ ಸ್ಟ್ರಾ ಇಲ್ಲದೆ ಕುಡಿಯಲಾಗದವರನ್ನು ಯಾರೂ ಕೇಳಿರಲಿಲ್ಲ. ನಿಯಮದ ಭಾರ ಯಾರ ಮೇಲೆ ಹೆಚ್ಚು ಬೀಳುತ್ತದೋ ಅವರು ಮೊದಲ ಸಭೆಯಲ್ಲೇ ಇರಬೇಕು.

ಈ ದಾರಿಯ ಕಷ್ಟವೆಂದರೆ ತಿಂಗಳುಗಟ್ಟಲೆ ತೋರಿಸಲು ಏನೂ ಇರುವುದಿಲ್ಲ. ಅರ್ಜಿ, ಸಭೆ, ಮುಂದೂಡಿಕೆ, ಮತ್ತೆ ಅರ್ಜಿ. ಕಾಗದ ಓದುವ ತಾಳ್ಮೆಯಿರುವ ಇಬ್ಬರು ಸಾಕು, ಆದರೆ ಅವರಿಗೆ ಹಿಂದೆ ನಿಲ್ಲುವ ಇಪ್ಪತ್ತು ಜನ ಬೇಕು. ಆ ಇಪ್ಪತ್ತು ಜನ ಸಿಗುವುದು ರಿಪೇರಿ ಕೂಟದಲ್ಲಿ, ತೋಟದಲ್ಲಿ, ಸ್ವಚ್ಛತಾ ದಿನದಲ್ಲಿ. ಹಾಗಾಗಿ ಮೊದಲ ವರ್ಷವೇ ಇದಕ್ಕೆ ಕೈ ಹಾಕಬೇಡಿ ಎಂಬುದು ನನ್ನ ಸಲಹೆ, ಎರಡನೇ ವರ್ಷ ಕೈ ಹಾಕದೇ ಇರಬೇಡಿ ಎಂಬುದೂ.

ಹಾಗಾದರೆ ನೀವು?

ಇಬ್ಬರೇ ಇದ್ದು, ಜಾಗವೂ ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ಕೊಡುವ ದಿನ ಏರ್ಪಡಿಸಿ. ನಾಲ್ಕೈದು ಜನರಿದ್ದು, ಅವರಲ್ಲಿ ಇಬ್ಬರಿಗೆ ಕೈಕೆಲಸ ಗೊತ್ತಿದ್ದರೆ ರಿಪೇರಿ ಕೂಟ. ಹೆಚ್ಚಿನ ಗುಂಪುಗಳಿಗೆ ನಾನು ಹೇಳುವುದು ಇದನ್ನೇ. ದಿನವೂ ಮನೆಯಲ್ಲಿರುವ ಹಿರಿಯರು, ಗೃಹಸ್ಥರು ಐದಾರು ಜನ ಒಟ್ಟಾದರೆ ಗೊಬ್ಬರಕ್ಕೆ ಧೈರ್ಯವಾಗಿ ಇಳಿಯಿರಿ. ನೆಲದ ಕಾಗದ ಕೈಯಲ್ಲಿದ್ದು ಗೊಬ್ಬರವೂ ಬರತೊಡಗಿದ್ದರೆ ತೋಟ ತಾನಾಗಿ ಹಿಂಬಾಲಿಸುತ್ತದೆ. ಎರಡನ್ನು ಒಟ್ಟಿಗೆ ಶುರುಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಯಾವುದನ್ನು ಆರಿಸಿದರೂ ಫಲಕದಲ್ಲಿ ಬರೆಯುವ ಮಾತಿನ ಬಗ್ಗೆ ಎಚ್ಚರವಿರಲಿ. 2007ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ ಸುಮಾರು 290 ಮನೆಗಳಿಗೆ ನೆರೆಹೊರೆಯ ಸರಾಸರಿ ವಿದ್ಯುತ್ ಬಳಕೆ ತಿಳಿಸಿದರು. ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು, ಆದರೆ ಮೊದಲೇ ಕಡಿಮೆ ಬಳಸುತ್ತಿದ್ದವರು ಹೆಚ್ಚು ಮಾಡಿಬಿಟ್ಟರು. ಕಡಿಮೆ ಬಳಸುವವರ ಚೀಟಿಯ ಮೇಲೆ ಒಂದು ನಗುಮುಖ ಬರೆದಾಗ ಆ ಏರಿಕೆ ನಿಂತಿತು. "ಬಹಳ ಜನ ಕಸ ಬೇರ್ಪಡಿಸುತ್ತಿಲ್ಲ" ಎಂದು ಬರೆದರೆ ಬೇರ್ಪಡಿಸದಿರುವುದೇ ರೂಢಿ ಎಂದು ಓದಿದವರು ತಿಳಿಯುತ್ತಾರೆ. "ಈ ತಿಂಗಳು 24 ಮನೆಗಳು ಬೇರ್ಪಡಿಸಿ ಕೊಟ್ಟಿವೆ, ಧನ್ಯವಾದ" ಎಂದು ಬರೆಯಿರಿ. ಸಂಖ್ಯೆ ನಿಜವಾದದ್ದೇ ಇರಲಿ, ಚಿಕ್ಕದಾದರೂ ಸರಿ.

ಇನ್ನೊಂದು ಕೆಲಸವನ್ನು ಮೊದಲ ದಿನವೇ ಮುಗಿಸಿಬಿಡಿ. ಕೋಣೆಯದೋ ಪೆಟ್ಟಿಗೆಯದೋ ಬೀಗದ ಕೀಲಿಗೆ ಎರಡನೇ ಪ್ರತಿ ಮಾಡಿಸಿ, ಅದನ್ನು ಶುರುಮಾಡಿದವರಲ್ಲಿ ಒಬ್ಬರಲ್ಲದವರ ಕೈಗೆ ಕೊಡಿ.